ಪಾರ್ಲೆಯ ಕ್ಯಾಸೆಟ್ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಪಾರ್ಲೆ, ಇರ್ಲಾ, ಅಂಧೇರಿ, ಸಾಂತಾಕ್ರೂಜ್‌ಗಳ ಹೊಟೇಲು ರೂಮುಗಳಲ್ಲಿ, ಚಾಳಿನ ಕೋಣೆಗಳಲ್ಲಿ ಇದ್ದುಕೊಂಡು ತೊಂಬತ್ತರ ದಶಕದ ಹಾಡು ಕೇಳಿದ ಗೆಳೆಯರೇ,

ನೀವೆಲ್ಲ ಸೇರಿ ಪಾರ್ಲೆ ಪೂರ್ವದಲ್ಲಿ ಒಂದು ಸಭಾಗೃಹ ಹಿಡಿದು ನಮ್ಮ ಕಾಲದ ಹಾಡುಗಳ ಸಂಜೆ ನಡೆಸುವುದೆಂದು ಗೊತ್ತುಮಾಡಿದ್ದೀರಿ. ಒಳ್ಳೆಯದೇ ಆಯಿತು. ಬರುತ್ತೇನೆ, ವಂತಿಗೆಯನ್ನೂ ಕೊಡುತ್ತೇನೆ. ಆದರೆ ಹಾಡುಗಳ ನಡುವೆ ಇಟ್ಟಿರುವ ರಸಪ್ರಶ್ನೆಯ ಪಟ್ಟಿ ನನ್ನ ಫೋನಿಗೂ ಬಂತು. ಅದನ್ನು ಓದಿದ ಮೇಲೆ ಸುಮ್ಮನಿರಲಾಗದೆ ಈ ಪತ್ರ. ಯಾರಾದರೂ ಒಬ್ಬರಿಗೆ ಬರೆದು ಮುಗಿಸಬಹುದಿತ್ತು. ಆದರೆ ಪಟ್ಟಿ ಮಾಡಿದ್ದು ಒಬ್ಬರಲ್ಲ. ಓದಿ ನಕ್ಕು ಹೂಂಗುಟ್ಟಿದ್ದು ಎಲ್ಲರೂ. ಹಾಗಾಗಿ ಎಲ್ಲರ ಎದುರಿಗೇ ಹೇಳಿಬಿಡುತ್ತೇನೆ.

ಏನಿದೆ ಆ ಪಟ್ಟಿಯಲ್ಲಿ? ಯಾವ ಗಾಯಕಿಯ ಸಂಸಾರ ಯಾಕೆ ಮುರಿಯಿತು. ಯಾವ ವಿಡಿಯೋದ ಹುಡುಗ ಆಮೇಲೆ ಯಾರ ಜೊತೆ ಓಡಾಡಿದ. ಮೈಕಲ್ ಜಾಕ್ಸನ್ ಮುಂಬಯಿಗೆ ಬಂದಾಗ ಯಾರ ಮನೆಯ ಕಕ್ಕಸಿಗೆ ಹೋದ. ಯಾವ ಹಾಡುಗಾರ್ತಿ ಗಂಡಸರ ಬಟ್ಟೆ ಹಾಕುತ್ತಾರೆ, ಯಾಕೆ. ಯಾವ ನಟಿ ಮಹಡಿಯಿಂದ ತಾನೇ ಬಿದ್ದಳೋ, ಯಾರಾದರೂ ನೂಕಿದರೋ. ಹಾಡಿಗೆ ರಾಗ ಹಾಕಿದವರು ಯಾರು, ಬರೆದವರು ಯಾರು, ನುಡಿಸಿದವರು ಯಾರು ಎಂಬ ಪ್ರಶ್ನೆ ಹುಡುಕಿದರೂ ಸಿಗಲಿಲ್ಲ. ಅದಕ್ಕೆ ಹಾಡಿನ ಸಂಜೆ ಎಂದು ಯಾಕೆ ಹೆಸರಿಡಬೇಕು ಮಾರಾಯ್ರೇ?

ಗಾಸಿಪ್ ಎಂದರೆ ಮೈಲಿಗೆ ಎನ್ನುವಷ್ಟು ಮಡಿವಂತ ನಾನಲ್ಲ, ನಿಮಗೆ ಗೊತ್ತು. ನಮ್ಮ ಹರೆಯ ಕಳೆದದ್ದೇ ಅದರಲ್ಲಿ. ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತಿದ್ದ ಹಳೆಯ ‘ಸ್ಟಾರ್‌ಡಸ್ಟ್’ ತಂದು, ಇಂಗ್ಲಿಷ್ ಬರುವವನೊಬ್ಬ ಓದಿ ಹೇಳುವುದು, ಉಳಿದವರು ಸುತ್ತ ಕುಳಿತು ಕೇಳುವುದು. ನಾರಿ ಹೀರಾ 1971ರಲ್ಲಿ ಶುರುಮಾಡಿದ ಆ ಪತ್ರಿಕೆಯ ಮೊದಲ ಸಂಪಾದಕಿ ಆಮೇಲೆ ಶೋಭಾ ಡೇ ಎಂದು ಹೆಸರಾದವರು. ಅದರ ‘ನೀತಾಸ್ ನ್ಯಾಟರ್’ ಪುಟ ನಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ಕಲಿಸಿತು ಎಂದರೆ ಸುಳ್ಳಲ್ಲ. ಇನ್ನು ಗಾಂಧಿನಗರದ ಸಮಾಚಾರಕ್ಕೆ ಮಣಿಪಾಲದ ‘ರೂಪತಾರಾ’. ಅದು ಊರಿಂದ ಬಸ್ಸಿನಲ್ಲಿ ಬರುವವರ ಚೀಲದಲ್ಲಿ, ಹಪ್ಪಳ ಉಪ್ಪಿನಕಾಯಿಯ ಜೊತೆ, ಎಣ್ಣೆ ಕಲೆ ಹೊತ್ತುಕೊಂಡು ಬರುತ್ತಿತ್ತು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅಲ್ಲಿಯವರೆಗೆ ಊರು ಎಂದರೆ ಒಂದು ರಾತ್ರಿ ಒಂದು ಹಗಲಿನ ಬಸ್ಸು. ಯಾರು ಯಾರನ್ನು ಬಿಟ್ಟರು, ಯಾರ ಚಿತ್ರ ನಿಂತುಹೋಯಿತು ಎಂಬುದೆಲ್ಲ ತಿಂಗಳು ತಡವಾಗಿ ತಿಳಿದರೂ ಬಿಸಿ ಆರುತ್ತಿರಲಿಲ್ಲ.

ಆದ್ದರಿಂದ ನನ್ನ ತಕರಾರು ಗಾಸಿಪ್ಪಿನ ಮೇಲಲ್ಲ, ನೀವು ಆರಿಸಿಕೊಂಡ ಗಾಸಿಪ್ಪಿನ ಮೇಲೆ. ಮೂವತ್ತು ವರ್ಷದ ಮೇಲೂ ಹೇಳಿ ಸವಿಯಬಹುದಾದ ಕಥೆಗಳು ಆ ಹಾಡುಗಳ ಸುತ್ತ ಎಷ್ಟೋ ಇವೆ. ಅವನ್ನು ಬಿಟ್ಟು, ರದ್ದಿಗೆ ಹಾಕಬೇಕಾದ್ದನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದೀರಿ.

ಆ ರೂಮನ್ನೊಮ್ಮೆ ನೆನಪು ಮಾಡಿಕೊಳ್ಳಿ. ರಾತ್ರಿ ಶಟರ್ ಎಳೆದು, ಮೇಜಿನ ಮೇಲೆ ಕುರ್ಚಿ ಕವುಚಿ, ನೆಲ ಒರಸಿ ಮೇಲೆ ಹತ್ತಿದರೆ ಟೇಪ್‌ರೆಕಾರ್ಡರಿಗೆ ಜಗಳ. ಅಡುಗೆ ಭಟ್ರಿಗೆ ಕಾಳಿಂಗ ನಾವಡರ ಯಕ್ಷಗಾನದ ಪದವೇ ಆಗಬೇಕು. ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲಂತೂ ಆ ಕ್ಯಾಸೆಟ್ಟುಗಳನ್ನು ಮುಟ್ಟಬೇಕಾದರೆ ಕೈ ತೊಳೆದು ಬರಬೇಕಿತ್ತು. ಗಲ್ಲಾದಲ್ಲಿ ಕೂರುತ್ತಿದ್ದ ಧಣಿಗಳ ಅಳಿಯನಿಗೆ ಬ್ರಯಾನ್ ಆಡಮ್ಸ್. ನಮಗೆ ಅಲೀಶಾ, ಬಾಬಾ ಸೆಹಗಲ್, ದಲೇರ್ ಮೆಹಂದಿ. ಕಂಪೆನಿ ಕ್ಯಾಸೆಟ್ ಕೊಳ್ಳಲು ಕೈ ಬಾರದವರು ಸ್ಟೇಷನ್ ಹತ್ತಿರದ ರೆಕಾರ್ಡಿಂಗ್ ಅಂಗಡಿಗೆ ಹಾಡಿನ ಪಟ್ಟಿ ಬರೆದು ಕೊಡುವುದು. ಅವನು ಎರಡು ದಿನ ಬಿಟ್ಟು ಅರುವತ್ತು ನಿಮಿಷದ ಕ್ಯಾಸೆಟ್ ತುಂಬಿಸಿ ಕೊಡುವುದು. ಬದಿಯ ಕೊನೆಯ ಹಾಡು ಯಾವಾಗಲೂ ಅರ್ಧಕ್ಕೇ ನಿಂತಿರುತ್ತಿತ್ತು. ಕೆಲವು ಹಾಡುಗಳ ಎರಡನೆಯ ಚರಣ ನಾನು ಕೇಳಿದ್ದು ಫೋನು ಬಂದ ಮೇಲೆ.

ಸಂಬಳದ ದಿನ ಅಪರೂಪಕ್ಕೆ ಒಂದು ಕಂಪೆನಿ ಕ್ಯಾಸೆಟ್ ಕೊಂಡರೆ ಅದರ ಡಬ್ಬಿಯೊಳಗೆ ಮಡಿಸಿಟ್ಟ ಕಾಗದ ಇರುತ್ತಿತ್ತಲ್ಲ, ಇನ್‌ಲೇ ಕಾರ್ಡ್, ಅದನ್ನು ನೆನಪಿಸಲೆಂದೇ ಇಷ್ಟು ಹೇಳಿದೆ. ಬಿಡಿಸಿದರೆ ಮೊಳದುದ್ದ. ಅಕ್ಷರ ಎಷ್ಟು ಸಣ್ಣದೆಂದರೆ ಟ್ಯೂಬ್‌ಲೈಟಿನ ಕೆಳಗೇ ಹಿಡಿಯಬೇಕು. ಗೀತೆ ಯಾರದು, ಸಂಗೀತ ಯಾರದು, ಗಿಟಾರ್ ಯಾರು, ತಬಲಾ ಯಾರು, ಕೋರಸ್ಸಿಗೆ ಯಾರು, ಯಾವ ಸ್ಟುಡಿಯೋ, ಧ್ವನಿಮುದ್ರಿಸಿದ ಎಂಜಿನಿಯರ್ ಯಾರು. ದಿನಾ ಬಿಡಿಸಿ ಮಡಿಸಿ ಮಡಿಕೆ ಬಿದ್ದ ಜಾಗದಲ್ಲಿ ಶಾಯಿ ಎದ್ದು, ಗಿಟಾರ್ ನುಡಿಸಿದವನ ಅರ್ಧ ಹೆಸರು ಮಾಯವಾಗುತ್ತಿತ್ತು. ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೂ ಆ ಹೆಸರುಗಳನ್ನು ಓದುತ್ತಿದ್ದೆವು. ಈಗ ಫೋನಿನಲ್ಲಿ ಹಾಡು ಒತ್ತಿದರೆ ಮುಖ ಕಾಣುತ್ತದೆ. ಹಿಂದಿನ ಕೈಗಳ ಹೆಸರು ಬೇಕಿದ್ದರೆ ಹುಡುಕಿಕೊಂಡು ಹೋಗಬೇಕು, ಅದೂ ಎಲ್ಲದಕ್ಕೂ ಸಿಗುವುದಿಲ್ಲ. ಮುಖ ಮಾತ್ರ ಉಳಿದಲ್ಲಿ ಮುಖದ ಸುದ್ದಿಯೇ ಉಳಿಯುತ್ತದೆ. ನಿಮ್ಮ ಪಟ್ಟಿ ಹುಟ್ಟಿದ್ದು ಹಾಗೆ ಎಂದು ನನ್ನ ಅನುಮಾನ.

‘ಮೇಡ್ ಇನ್ ಇಂಡಿಯಾ’ ತೆಗೆದುಕೊಳ್ಳಿ. 1995ರಲ್ಲಿ ಮ್ಯಾಗ್ನಾಸೌಂಡ್ ಕಂಪೆನಿಯಿಂದ ಬಂದ ಕ್ಯಾಸೆಟ್. ನಿಮ್ಮ ಪ್ರಶ್ನೆಗಳೆಲ್ಲ ಆ ವಿಡಿಯೋದ ಮಿಲಿಂದ್ ಸೋಮನ್ ಕುರಿತು. ವಿಡಿಯೋ ಮಾಡಿದ ಕೆನ್ ಘೋಷ್ ಹೆಸರು ಕೂಡ ಬೇಡವಾಯಿತೇ? ಹೋಗಲಿ, ಆ ಹಾಡು ಕಟ್ಟಿದವರು ಯಾರು ಎಂದು ಕೇಳಿದ್ದರೆ ಕನ್ನಡದ ಸಭೆಯಲ್ಲಿ ಎದೆ ಉಬ್ಬಿಸಿ ಉತ್ತರ ಹೇಳಬಹುದಿತ್ತು: ಬಿದ್ದು. ಬಿದ್ದು ಅಪ್ಪಯ್ಯ. ಕೊಡವರು, ಬೆಂಗಳೂರಿನಲ್ಲಿ ಹುಟ್ಟಿದವರು. ಅಲ್ಲಿಯ ಹುಡುಗರನ್ನು ಕಟ್ಟಿಕೊಂಡು ‘ಟ್ರೋಜನ್ಸ್’ ಎಂಬ ಬ್ಯಾಂಡ್ ಮಾಡಿ, ಕ್ಲಬ್ಬುಗಳಲ್ಲಿ ಹಾಡಿ, ಅರುವತ್ತರ ದಶಕದ ಕೊನೆಯ ಹೊತ್ತಿಗೆ ಲಂಡನ್ ಸೇರಿದ ಮನುಷ್ಯ. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ಒಂದು ಹಾಡು ಮಾಡಿಸುತ್ತಿದ್ದಾಗ ರೆಕಾರ್ಡಿನ ಎರಡನೆಯ ಬದಿಗೆ ಏನಾದರೂ ಬೇಕಿತ್ತು, ಸ್ಟುಡಿಯೋದ ಬಾಡಿಗೆ ಹೊತ್ತು ಮುಗಿಯುತ್ತ ಬಂದಿತ್ತು. ಉಳಿದ ಹತ್ತು ನಿಮಿಷದಲ್ಲಿ ಗಡಿಬಿಡಿಯಿಂದ ಹಾಡಿಸಿ ಮುಗಿಸಿದ್ದಂತೆ ‘ಕುಂಗ್ ಫೂ ಫೈಟಿಂಗ್’. ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಏರಿತು. 1980ರಲ್ಲಿ ‘ಕುರ್ಬಾನಿ’ಯ ‘ಆಪ್ ಜೈಸಾ ಕೋಯಿ’, ಮರುವರ್ಷ ‘ಡಿಸ್ಕೋ ದೀವಾನೆ’, ಎರಡೂ ಅವರವೇ. ‘ಕುರ್ಬಾನಿ’ ಮಾಡಿದ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು. ಎಂದರೆ, ಹಿಂದಿ ಪಾಪ್ ಹಾಡಿನ ಮೂಲ ಹುಡುಕುತ್ತ ಹೋದರೆ ಬೆಂಗಳೂರಿನ ಕಂಟೋನ್ಮೆಂಟಿಗೇ ಬಂದು ನಿಲ್ಲುತ್ತೇವೆ.

ನಿಮಗೆ ಗಾಸಿಪ್ಪೇ ಬೇಕೆಂದರೆ ಇಲ್ಲೊಂದಿದೆ ನೋಡಿ. ಬಿದ್ದು ಹೇಳಿಕೊಂಡ ಪ್ರಕಾರ ‘ಮೇಡ್ ಇನ್ ಇಂಡಿಯಾ’ ಹಾಡನ್ನು ಅವರು ಮೊದಲು ಇಟ್ಟದ್ದು ನಾಜಿಯಾ ಹಸನ್ ಮುಂದೆ, ‘ಡಿಸ್ಕೋ ದೀವಾನೆ’ ಹಾಡಿದ ಪಾಕಿಸ್ತಾನದ ಆ ಹುಡುಗಿಯ ಮುಂದೆ. ನನ್ನ ದೇಶದವರಿಗೆ ನೋವಾಗುತ್ತದೆ ಎಂದು ಆಕೆ ಬೇಡವೆಂದರು. ಹಾಡು ಅಲೀಶಾಗೆ ಬಂತು. ನಾಜಿಯಾ 2000ದ ಆಗಸ್ಟ್‌ನಲ್ಲಿ ಕ್ಯಾನ್ಸರಿನಿಂದ ಲಂಡನ್ನಿನಲ್ಲಿ ತೀರಿಕೊಂಡರು, 35ನೆಯ ವಯಸ್ಸಿಗೆ. ಒಂದು ಹಾಡು ಎರಡು ದೇಶಗಳ ನಡುವೆ ಹೀಗೆ ಕೈ ಬದಲಾಯಿಸಿದ ಕಥೆಯ ಮುಂದೆ ಮಿಲಿಂದ್ ಸೋಮನ್ ಯಾರ ಕೈ ಹಿಡಿದ ಎಂಬುದು ಯಾವ ಮಹಾ?

ಅಲೀಶಾ ಚಿನಾಯ್ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆ ದಿನಗಳಲ್ಲಿ ಆಕೆ ಹೆಸರಾಂತ ಸಂಗೀತ ನಿರ್ದೇಶಕರೊಬ್ಬರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿದರು. ಅವರು ಅದನ್ನು ಅಲ್ಲಗಳೆದರು. ದೂರನ್ನು ದೂರೆಂದು ಓದದೆ ನಾವು ಬಿಸಿ ಸುದ್ದಿಯೆಂದು ಓದಿದೆವು. 2018ರಲ್ಲಿ ದೇಶದಲ್ಲಿ ಮೀಟೂ ಎದ್ದಾಗ ಬೇರೆ ಹೆಂಗಸರೂ ಮಾತಾಡಿದರು, ಅವರು ಹೇಳುವುದು ನಿಜ ಎಂದು ಅಲೀಶಾ ಬೆಂಬಲಕ್ಕೆ ನಿಂತರು. ಅಷ್ಟು ವರ್ಷ ಆಕೆಯ ಮಾತು ನಮ್ಮ ಪಾಲಿಗೆ ಸಲೂನಿನಲ್ಲಿ ಕಾಲ ಕಳೆಯುವ ಮಸಾಲೆಯಾಗಿತ್ತು. ಅದನ್ನೀಗ ಬಹುಮಾನದ ಪ್ರಶ್ನೆ ಮಾಡಿ ನಾಲ್ಕು ಆಯ್ಕೆ ಕೊಟ್ಟಿದ್ದೀರಲ್ಲ, ಸಭೆಯಲ್ಲಿ ನಿಮ್ಮ ಹೆಣ್ಣುಮಕ್ಕಳೂ ಕೂತಿರುತ್ತಾರೆ ಎಂಬುದು ಹೊಳೆಯಲಿಲ್ಲವೇ? ಅವರ ಬಗ್ಗೆ ಕೇಳಲೇಬೇಕೆಂದರೆ ಇದನ್ನು ಕೇಳಿ: 2005ರ ‘ಕಜರಾ ರೇ’ ಹಾಡಿದ್ದಕ್ಕೆ ಅಲೀಶಾಗೆ ಬಂದ ಚೆಕ್ ಎಷ್ಟರದು? ಆಕೆಯೇ ಹೇಳಿದ ಲೆಕ್ಕ 15,000 ರೂಪಾಯಿ. ಚೆಕ್ಕನ್ನು ಹಿಂದಕ್ಕೆ ಕಳಿಸಿದರು. ಮರುವರ್ಷ ಅದೇ ಹಾಡಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಆ ಹಾಡು ಕುಣಿಸದ ಮದುವೆ ಮನೆ ನಮ್ಮಲ್ಲಿ ಯಾವುದಾದರೂ ಇತ್ತೇ?

ಇನ್ನು ಮೈಕಲ್ ಜಾಕ್ಸನ್. 1996ರ ನವೆಂಬರ್ 1, ಅಂಧೇರಿ ಕ್ರೀಡಾಸಂಕೀರ್ಣ. ನಮ್ಮಲ್ಲಿ ಟಿಕೆಟ್ ಕೊಂಡು ಒಳಗೆ ಹೋದವರು ಯಾರೂ ಇಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ, ಈಗ ಕೇಳಿದರೆ ಅರ್ಧ ಜನ ನೋಡಿದೆ ಎನ್ನುತ್ತಾರೆ. ಎರಡು ದಿನ ಮೊದಲು ಸಹಾರ್ ವಿಮಾನ ನಿಲ್ದಾಣದಲ್ಲಿ ಒಂಬತ್ತು ಗಜದ ಸೀರೆಯುಟ್ಟ ಸೋನಾಲಿ ಬೇಂದ್ರೆ ಆರತಿ ಎತ್ತಿ ತಿಲಕವಿಟ್ಟದ್ದು, ಆಮೇಲೆ ಅವನು ಬಾಂದ್ರಾದಲ್ಲಿ ಠಾಕ್ರೆಯವರ ಮನೆ ಮಾತೋಶ್ರೀಗೆ ಹೋದದ್ದು, ಅಲ್ಲಿ ಶೌಚಾಲಯ ಬಳಸಿದ್ದನ್ನು ಬಾಳ ಠಾಕ್ರೆಯವರೇ ಅಭಿಮಾನದಿಂದ ಹೇಳಿಕೊಂಡದ್ದು, ಇಷ್ಟೂ ನಿಮ್ಮ ಪಟ್ಟಿಯಲ್ಲಿದೆ. ಇಷ್ಟಕ್ಕೇ ನಿಲ್ಲಿಸಿದ್ದೀರಿ. ಕಥೆಯ ಗಮ್ಮತ್ತು ಶುರುವಾಗುವುದು ಇಲ್ಲಿಂದ, ಅದೂ ನಮ್ಮ ಪಾರ್ಲೆಯಿಂದ.

ಆ ಕಾರ್ಯಕ್ರಮ ರಾಜ್ ಠಾಕ್ರೆ ಆಗ ನಡೆಸುತ್ತಿದ್ದ ಶಿವ ಉದ್ಯೋಗ ಸೇನೆಯ ಸಹಾಯಾರ್ಥ. ಮರಾಠಿ ಯುವಕರಿಗೆ ಉದ್ಯೋಗ ಕೊಡಿಸುವ ಹೆಸರಿನಲ್ಲಿ. ನಡೆಸಿಕೊಟ್ಟದ್ದು ವಿಜ್‌ಕ್ರಾಫ್ಟ್ ಕಂಪೆನಿ. ರಾಜ್ಯದಲ್ಲಿ ಇದ್ದದ್ದು ಶಿವಸೇನೆ–ಬಿಜೆಪಿ ಸರಕಾರ. ದಾನಧರ್ಮದ ಕಾರ್ಯಕ್ರಮ ಎಂದು ಮನರಂಜನಾ ತೆರಿಗೆ ಮಾಫಿ ಮಾಡಿದರು. ಊರಿಗೆ ಊರೇ ಜಾಕ್ಸನ್ನನ ಟೋಪಿಯ ಗುಂಗಿನಲ್ಲಿದ್ದಾಗ ಇದು ಸರಿಯಲ್ಲ ಎಂದು ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಯಾರು? ಮುಂಬಯಿ ಗ್ರಾಹಕ ಪಂಚಾಯತ್. ಕೂಪರ್ ಆಸ್ಪತ್ರೆಯ ಹಿಂದೆ ಗ್ರಾಹಕ ಭವನ ಎಂದು ಬೋರ್ಡಿದೆಯಲ್ಲ, ಅವರೇ. 1975ರಲ್ಲಿ ಹುಟ್ಟಿದ ಸಂಸ್ಥೆ; ತಿಂಗಳ ಅಕ್ಕಿ ಬೇಳೆ ಎಣ್ಣೆಯನ್ನು ಸಗಟಿನಲ್ಲಿ ಕೊಂಡು ಸದಸ್ಯರಿಗೆ ಹಂಚುವವರು. ತೊಗರಿಬೇಳೆಯ ಲೆಕ್ಕ ಇಡುವವರು ಜಾಕ್ಸನ್ನನ ಲೆಕ್ಕವನ್ನೂ ಕೇಳಿದರು. ತೆರಿಗೆಯ ಹಣ ಕೋರ್ಟಿನ ವಶಕ್ಕೆ ಹೋಗಿ ಅಲ್ಲೇ ಕೂತಿತು. ಸರಕಾರಗಳು ಬಂದವು, ಹೋದವು. ದೊಡ್ಡಪ್ಪ ಬಾಳ ಠಾಕ್ರೆಯವರನ್ನು ಬಿಟ್ಟು ರಾಜ್ ಠಾಕ್ರೆ 2006ರಲ್ಲಿ ತಮ್ಮದೇ ಪಕ್ಷ ಕಟ್ಟಿದರು. 2009ರ ಜೂನ್‌ನಲ್ಲಿ ಜಾಕ್ಸನ್ ತೀರಿಕೊಂಡ, 2012ರಲ್ಲಿ ಬಾಳ ಠಾಕ್ರೆ ತೀರಿಕೊಂಡರು. ಕೊನೆಗೆ 2021ರ ಜನವರಿಯಲ್ಲಿ ರಾಜ್ಯ ಸಂಪುಟ ಕೂತು ತೆರಿಗೆ ಮಾಫಿ ಸರಿಯೇ, 3.36 ಕೋಟಿ ರೂಪಾಯಿ ವಿಜ್‌ಕ್ರಾಫ್ಟಿಗೆ ಮರಳಿಸುವುದು ಎಂದು ತೀರ್ಮಾನಿಸಿತು. ಆಗ ಮುಖ್ಯಮಂತ್ರಿ ಮಾತೋಶ್ರೀಯ ಮಗ, ಉದ್ಧವ್. ಒಂದು ರಾತ್ರಿಯ ಹಾಡಿನ ಬಿಲ್ಲು ಇತ್ಯರ್ಥವಾಗಲು 24 ವರ್ಷ ಹಿಡಿಯಿತು! ಇಷ್ಟು ರಸವತ್ತಾದ ಪ್ರಸಂಗ ನಮ್ಮ ಬೀದಿಯಲ್ಲೇ ಬಿದ್ದಿರುವಾಗ ಕಕ್ಕಸಿನಲ್ಲೇ ಕೂತುಬಿಟ್ಟರೆ ಹೇಗೆ?

ರಾಕ್ ಕೇಳುತ್ತಿದ್ದವರು ನಮ್ಮಲ್ಲಿ ಕಡಿಮೆ. ಮೀಠಿಬಾಯಿ ಕಾಲೇಜಿಗೆ ಹೋಗುತ್ತಿದ್ದ ಒಬ್ಬಿಬ್ಬರು ಉದ್ದ ಕೂದಲು ಬಿಟ್ಟು, ಕಪ್ಪು ಬನಿಯನ್ನು ಹಾಕಿ, ಲೋಕಲ್ ಹತ್ತಿ ಮರೀನ್ ಲೈನ್ಸ್‌ನಲ್ಲಿಳಿದು ಧೋಬಿ ತಲಾವ್‌ನ ರಂಗಭವನಕ್ಕೆ ಹೋಗುತ್ತಿದ್ದರು. 1986ರಿಂದ ಅಲ್ಲಿ ‘ಇಂಡಿಪೆಂಡೆನ್ಸ್ ರಾಕ್’ ನಡೆಯುತ್ತಿತ್ತು. ಮುಂಬಯಿಯದೇ ‘ರಾಕ್ ಮಷೀನ್’ ತಂಡ 1993ರಲ್ಲಿ ‘ಇಂಡಸ್ ಕ್ರೀಡ್’ ಎಂದು ಹೆಸರು ಬದಲಿಸಿಕೊಂಡಿತು. ಅದರ ಗಾಯಕ ಉದಯ್ ಬೆನಗಲ್. ಆಮೇಲೆ ಆ ಪ್ರದೇಶ ಶಾಂತ ವಲಯ ಎಂಬ ನಿಯಮ ಬಂದು ರಂಗಭವನದ ಬಯಲು ಬಾಯಿ ಮುಚ್ಚಿತು. ಇದರ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಆ ಗಲಾಟೆ ನನ್ನ ಕಿವಿಗೆ ಹಿಡಿಸಿದ್ದಲ್ಲ. ಹೋಗಿ ಬಂದವರು ಸಭೆಯಲ್ಲಿ ಹತ್ತು ನಿಮಿಷ ಮಾತಾಡಲಿ, ಕೇಳುತ್ತೇನೆ.

ಇನ್ನು ಮಹಡಿಯಿಂದ ಬಿದ್ದವಳ ಪ್ರಶ್ನೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. 1993ರ ಏಪ್ರಿಲ್ 5ರ ರಾತ್ರಿ ವರ್ಸೋವಾದ ಐದನೆಯ ಮಹಡಿಯ ಮನೆಯಿಂದ ಬಿದ್ದ ದಿವ್ಯಾ ಭಾರತಿಯನ್ನು ತಂದದ್ದು ನಮ್ಮ ಕೂಪರ್ ಆಸ್ಪತ್ರೆಗೆ. ವಯಸ್ಸು 19. ಕೊಳ್ಳಿ ಇಟ್ಟದ್ದು ನಮ್ಮ ಪಾರ್ಲೆಯ ಸ್ಮಶಾನದಲ್ಲಿ. ಆಕಸ್ಮಿಕ ಸಾವು ಎಂದು ಪೊಲೀಸರು 1998ರಲ್ಲಿ ಕಡತ ಮುಚ್ಚಿದರು. ಜನ ಇವತ್ತಿಗೂ ಮುಚ್ಚಿಲ್ಲ. ಸರಿಯಾಗಿ ಒಂದು ವರ್ಷ ಕಳೆದು, ಅದೇ ಏಪ್ರಿಲ್ 5ರಂದು, ಅಮೆರಿಕದ ಸಿಯಾಟಲ್‌ನಲ್ಲಿ ‘ನಿರ್ವಾಣ’ ತಂಡದ ಕರ್ಟ್ ಕೋಬೇನ್ ಸತ್ತ. ಅಲ್ಲಿಯೂ ಇದೇ ಪಾಡು: ಪೊಲೀಸರು ಆತ್ಮಹತ್ಯೆ ಎಂದರೂ ಹೆಂಡತಿಯ ಕಡೆ ಬೆರಳು ತೋರಿಸುವವರು ಇನ್ನೂ ಇದ್ದಾರೆ. ಮನೆಯವರಿಗೆ ಒಂದು ಸಾವು ಒಮ್ಮೆ ಆಗಿ ಮುಗಿಯುವುದಿಲ್ಲ, ಊರವರು ಕೇಳಿದಾಗಲೆಲ್ಲ ಮತ್ತೆ ಆಗುತ್ತದೆ. ದಿವ್ಯಾ ಭಾರತಿಯ ಹೆಸರು ತರುವುದಾದರೆ ‘ವಿಶ್ವಾತ್ಮ’ದ ‘ಸಾತ್ ಸಮುಂದರ್’ ಹಾಡಿ. ಅದನ್ನು ಹಾಡಿದವರು ಸಾಧನಾ ಸರಗಮ್, ಸಂಗೀತ ವಿಜು ಶಾ. ಅದರ ಧಾಟಿ ಬ್ರಿಟನ್ನಿನ ಪೆಟ್ ಶಾಪ್ ಬಾಯ್ಸ್ ತಂಡದ ‘ಹಾರ್ಟ್’ ಹಾಡಿನಿಂದ ಎತ್ತಿದ್ದು. ರಾಗ ಕದ್ದದ್ದು ಯಾರು, ಎಲ್ಲಿಂದ ಎಂದು ಪತ್ತೆ ಹಚ್ಚಿ. ಅದು ಗಾಸಿಪ್ ಎಂದರೆ! ಬಾಬಾ ಸೆಹಗಲ್ 1992ರಲ್ಲಿ ‘ಠಂಡಾ ಠಂಡಾ ಪಾನಿ’ಗೆ ಎತ್ತಿದ್ದು ವೆನಿಲಾ ಐಸ್‌ನಿಂದ, ಅವನು ಎತ್ತಿದ್ದು ಕ್ವೀನ್ ಮತ್ತು ಡೇವಿಡ್ ಬೋವಿಯಿಂದ. ಕಳ್ಳನ ಮನೆಗೆ ಮಳ್ಳ ಹೊಕ್ಕ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಸಾವಿನ ಮಾತು ಬಂದ ಮೇಲೆ ಇನ್ನೊಂದು ಹೇಳಬೇಕು. ಪಾರ್ಲೆ ಪಶ್ಚಿಮದ ಪವನ್ ಹಂಸ್ ಸ್ಮಶಾನದ ಹತ್ತಿರ ಇರುವ ನಮಗೆ ತಾರೆಯರ ಕೊನೆಯ ಮೆರವಣಿಗೆ ಹೊಸತಲ್ಲ. 2018ರ ಫೆಬ್ರವರಿಯಲ್ಲಿ ಶ್ರೀದೇವಿ ಬಂದಾಗ ಎಸ್.ವಿ. ರಸ್ತೆಯ ಆಚೀಚೆ ನಿಲ್ಲಲು ಜಾಗವಿರಲಿಲ್ಲ. ಆ ವಾರವಿಡೀ ಟಿವಿಯವರು ಸ್ನಾನದ ತೊಟ್ಟಿಯನ್ನೇ ತೋರಿಸುತ್ತಿದ್ದರು, ಒಬ್ಬ ವರದಿಗಾರ ತಾನೇ ತೊಟ್ಟಿಯಲ್ಲಿ ಮಲಗಿ ತೋರಿಸಿದ. ಬಪ್ಪಿ ಲಾಹಿರಿಯವರ ದನಿಯೇ ಹೋಗಿದೆ ಎಂದು 2021ರಲ್ಲಿ ಸುದ್ದಿ ಎಬ್ಬಿಸಿದರು. ಸುಳ್ಳು ಎಂದು ಅವರೇ ಹೇಳಬೇಕಾಯಿತು. ಮರುವರ್ಷ ಫೆಬ್ರವರಿಯಲ್ಲಿ ಅವರನ್ನೂ ಇಲ್ಲಿಗೇ ತಂದರು. ಅಲೀಶಾಗೆ ಸಿನಿಮಾದಲ್ಲಿ ಹಾಡಲು ದಾರಿ ಮಾಡಿದವರು ಬಪ್ಪಿ, 1986ರ ‘ಆಫ್ರಿಕಾದಲ್ಲಿ ಶೀಲಾ’ಗೆ ಸಂಗೀತ ಕೊಟ್ಟವರೂ ಅವರೇ ಎಂದು ಆ ದಿನ ನಮ್ಮಲ್ಲಿ ಎಷ್ಟು ಜನ ನೆನೆದರು? ಅವರ ಮೈಮೇಲಿನ ಚಿನ್ನ ಯಾರಿಗೆ ಹೋಗುತ್ತದೆ ಎಂಬ ಚರ್ಚೆಯನ್ನಂತೂ ನಾನು ಕಿವಿಯಾರೆ ಕೇಳಿದೆ. 2025ರ ನವೆಂಬರ್ 11ರಂದು ಧರ್ಮೇಂದ್ರ ಇನ್ನಿಲ್ಲ ಎಂದು ಟಿವಿಗಳೇ ಸಾರಿಬಿಟ್ಟವು. ಅವರು ಬದುಕಿದ್ದಾರೆ ಎಂದು ಮಗಳು ಈಶಾ, ಹೇಮಾ ಮಾಲಿನಿ ಇಬ್ಬರೂ ಹೇಳಿಕೆ ಕೊಟ್ಟರು. ಧರ್ಮೇಂದ್ರ ಹೋದದ್ದು 24ರಂದು. ಬದುಕಿದ್ದವರಿಗೆ ಹದಿಮೂರು ದಿನ ಮುಂಚೆ ತಿಲಾಂಜಲಿ ಬಿಟ್ಟವರಲ್ಲಿ ನಮ್ಮವರೂ ಇದ್ದರು, ಕೈಮುಗಿದ ಚಿತ್ರದ ಸಮೇತ.

ಲಕ್ಕಿ ಅಲಿಯನ್ನೂ ನೀವು ಒಮ್ಮೆ ಸಾಯಿಸಿದ್ದೀರಿ. 2021ರ ಮೇ, ಕೊರೋನಾ ಎರಡನೆಯ ಅಲೆ. ಹೋದರಂತೆ ಎಂದು ಒಬ್ಬರು ಕಳಿಸಿದ್ದನ್ನು ಇನ್ನೊಬ್ಬರು ಕಳಿಸಿ, ಅದರ ಕೆಳಗೆ ‘ಓ ಸನಮ್’ ಕೊಂಡಿ ಹಾಕಿ ಅತ್ತದ್ದೇ ಅತ್ತದ್ದು. ಆ ಮನುಷ್ಯ ಬೆಂಗಳೂರಿನ ಹತ್ತಿರ ಯಲಹಂಕದ ತೋಟದಲ್ಲಿ ಆರಾಮಾಗಿದ್ದರು. ಸ್ನೇಹಿತೆ ನಫೀಸಾ ಅಲಿ, ಆಮೇಲೆ ಅವರೇ, ಬದುಕಿದ್ದೇನೆ ಎಂದು ತಿಳಿಸಬೇಕಾಯಿತು. ‘ಸುನೋ’ ಕ್ಯಾಸೆಟ್ 1996ರಲ್ಲಿ ಬಂದಾಗ ಅವರಿಗೆ 38. ಹಾಸ್ಯನಟ ಮೆಹಮೂದರ ಮಗ ಎಂಬುದನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ‘ಓ ಸನಮ್’ ಬರೆದ ಸೈಯದ್ ಅಸ್ಲಂ ನೂರ್, ವಾದ್ಯ ಹೊಂದಿಸಿದ ಮೈಕಿ ಮೆಕ್ಲಿಯರಿ, ಈಜಿಪ್ಟಿಗೆ ಹೋಗಿ ವಿಡಿಯೋ ಮಾಡಿದ ಮಹೇಶ್ ಮಥಾಯಿ ಇವರೆಲ್ಲರ ಹೆಸರೂ ಆ ಕಾಲದ ಕಾಗದಗಳಲ್ಲಿ ಅಚ್ಚಾಗಿದ್ದವೇ.

ಫಾಲ್ಗುಣಿ ಪಾಠಕ್ ಬಟ್ಟೆಯ ಪ್ರಶ್ನೆಯನ್ನು ದಯವಿಟ್ಟು ಕಿತ್ತುಹಾಕಿ. ನವರಾತ್ರಿಯಲ್ಲಿ ಒಂಬತ್ತು ರಾತ್ರಿ ಸಾವಿರಾರು ಜನರನ್ನು ಕುಣಿಸುವ ಹೆಂಗಸು ಷರಟು ಪ್ಯಾಂಟು ಹಾಕಿದರೆ ನಮಗೇನು? ಬದಲಿಗೆ ಇದನ್ನು ತಿಳಿದುಕೊಳ್ಳಿ. 1999ರ ಅವರ ‘ಮೈನೆ ಪಾಯಲ್ ಹೈ ಛನಕಾಯಿ’ ಹಾಡನ್ನು 2022ರಲ್ಲಿ ಇನ್ನೊಬ್ಬರು ಹೊಸದಾಗಿ ಹಾಡಿ ಬಿಟ್ಟಾಗ ಜನ ಸಿಟ್ಟಾದರು, ಫಾಲ್ಗುಣಿಗೂ ಬೇಸರವಾಯಿತು. ಕೋರ್ಟಿಗೆ ಹೋಗೋಣವೆಂದರೆ ಹಕ್ಕು ತನ್ನ ಬಳಿ ಇಲ್ಲ ಎಂದರು. ಇಪ್ಪತ್ತು ವರ್ಷ ಊರೆಲ್ಲ ಅವರದೇ ಎಂದು ತಿಳಿದ ಹಾಡು ಕಾಗದದ ಮೇಲೆ ಅವರದಲ್ಲ. 2012ರಲ್ಲಿ ಜಾವೇದ್ ಅಖ್ತರ್ ಮತ್ತಿತರರು ಹೋರಾಡಿ ಕೃತಿಸ್ವಾಮ್ಯ ಕಾನೂನಿಗೆ ತಿದ್ದುಪಡಿ ಆದ ಮೇಲೆ ಹಾಡು ಬರೆದವರ, ಸಂಯೋಜಿಸಿದವರ ರಾಯಧನದ ಪಾಲನ್ನು ಕಂಪೆನಿಗಳು ಬರೆಸಿಕೊಳ್ಳುವ ಹಾಗಿಲ್ಲವೆಂದಾಯಿತು. ತೊಂಬತ್ತರ ದಶಕದಲ್ಲಿ ಸಹಿ ಹಾಕಿ ಮುಗಿಸಿದವರಿಗೆ ಅದು ತಡವಾಗಿ ಬಂದ ಬಸ್ಸು.

ಮತ್ತೊಂದು ಮಾತು, ಇದು ಸ್ವಲ್ಪ ಖಾರವಾಗಿಯೇ ಇರಲಿ. ಕನ್ನಡಿಗರು ಸೇರಿ ಮಾಡುವ ಸಂಜೆಯಲ್ಲಿ ಒಂದೇ ಒಂದು ಕನ್ನಡ ಹಾಡಿಲ್ಲ! 1996ರ ‘ಜನುಮದ ಜೋಡಿ’ಗೆ ಸಂಗೀತ ಕೊಟ್ಟ ವಿ. ಮನೋಹರ್ ನಮ್ಮ ವಿಟ್ಲದವರು. ಅದರ ‘ಕೋಲುಮಂಡೆ’ ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. 1998ರಲ್ಲಿ ಉಪೇಂದ್ರರ ‘ಎ’ ಬಂದಾಗ ಮಂಗಳೂರಿನ ಗುರುಕಿರಣ್ ಮೊದಲ ಸಲ ಸಂಗೀತ ನಿರ್ದೇಶಕರಾಗಿ, ಆವರೆಗೆ ಕೇಳದ ಸದ್ದನ್ನು ಕನ್ನಡಕ್ಕೆ ತಂದರು. ನಮ್ಮ ರೂಮಿನಲ್ಲಿ ಆ ಕ್ಯಾಸೆಟ್ ಓಡಿ ಓಡಿ ಸವೆದದ್ದು ಮರೆತಿರಾ? ಧಣಿಗಳ ಅಳಿಯ ಕೂಡ ಬ್ರಯಾನ್ ಆಡಮ್ಸ್‌ನನ್ನು ಬದಿಗಿಟ್ಟು ಕೇಳಿದ ಒಂದೇ ಕನ್ನಡ ಕ್ಯಾಸೆಟ್ ಅದು.

ಆದ್ದರಿಂದ ಪಟ್ಟಿ ಹೊಸದಾಗಿ ಮಾಡೋಣ. ನನ್ನ ಹತ್ತಿರ ಒಂದು ಶೂ ಡಬ್ಬಿ ತುಂಬ ಇನ್‌ಲೇ ಕಾರ್ಡುಗಳಿವೆ, ತರುತ್ತೇನೆ. ನಿಮ್ಮ ಅಟ್ಟದಲ್ಲಿ ಇದ್ದರೆ ನೀವೂ ತನ್ನಿ. ಪ್ರತಿ ಹಾಡಿನ ಮುಂಚೆ ಬರೆದವರ, ಸಂಯೋಜಿಸಿದವರ, ನುಡಿಸಿದವರ ಹೆಸರು ಮೈಕಿನಲ್ಲಿ ಓದೋಣ. ಹಾಡಿಗೆ ಅರ್ಧ ನಿಮಿಷ ಸಾಕು. ಇನ್ನು ಮುಂದೆ ಯಾರದಾದರೂ ಸಾವಿನ ಸುದ್ದಿ ಫೋನಿಗೆ ಬಂದರೆ ಮನೆಯವರು ಹೇಳುವ ತನಕ ಯಾರೂ ಮುಂದಕ್ಕೆ ಕಳಿಸಬಾರದು ಎಂದು ಆ ಸಭೆಯಲ್ಲೇ ಗೊತ್ತುಮಾಡೋಣ. ಸ್ವಲ್ಪ ತಡವಾಗಿ ತಿಳಿದರೆ ನಮ್ಮದೇನೂ ಮುಳುಗುವುದಿಲ್ಲ.

ಕೊನೆಯದಾಗಿ, ಖರ್ಚಿನ ಲೆಕ್ಕವನ್ನೂ ನೋಡಿದೆ. ಹಾಲಿಗೆ ಇಷ್ಟು, ಊಟಕ್ಕೆ ಇಷ್ಟು, ಅತಿಥಿಗಳ ಶಾಲು, ಹಾರ, ಫಲಪುಷ್ಪಕ್ಕೆ ಇಷ್ಟು. ಹಾಡಲು ಬರುವ ಇಬ್ಬರು ಹುಡುಗಿಯರ, ಕೀಬೋರ್ಡ್ ನುಡಿಸುವ ಹುಡುಗನ ಮುಂದೆ ಮಾತ್ರ ‘ಗೌರವಾರ್ಪಣೆ’ ಎಂದು ಬರೆದು ಮೊತ್ತದ ಜಾಗ ಖಾಲಿ ಬಿಟ್ಟಿದ್ದೀರಿ. ಅಲ್ಲಿ ಮೊದಲು ಅಂಕಿ ಬರೆಯಿರಿ. ಶಾಲು ಹಾರ ಕಡಿಮೆ ಮಾಡಿದರೂ ಪರವಾಗಿಲ್ಲ, ಅವರ ದುಡ್ಡನ್ನು ಆ ರಾತ್ರಿಯೇ ಕೈಗೆ ಕೊಟ್ಟು ಕಳಿಸಿ. ನನ್ನ ವಂತಿಗೆಯನ್ನು ಆ ಬಾಬ್ತಿಗೇ ಜಮಾ ಮಾಡಿ.

ಇಂತಿ ನಿಮ್ಮವ,
ಪಾರ್ಲೆ ಪೂರ್ವದ ಹಳೆಯ ರೂಮಿನವ